ಎಣ್ಣೆ ಹಾಕಲು ಬಿಟ್ಟ ಕೋವಿಗಳು

ಸೈಮಾ ರೌತಿಯೊ ಮದುವೆಯಾಗಲಿಲ್ಲ. ಏಕೆ ಎಂದು ಕೇಳಿದರೆ ಕೋಸ್ಕಿ ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಮೊದಲು ಅಮ್ಮನ ಕಾಯಿಲೆ, ಆಮೇಲೆ ಅಪ್ಪನ ಕಾಯಿಲೆ, ಎರಡೂ ಮುಗಿಯುವ ಹೊತ್ತಿಗೆ ನನ್ನ ತಲೆ ನರೆತಿತ್ತು ಎನ್ನುವುದು ಅವಳ ಲೆಕ್ಕ. ಗಂಡಸಿಗಿಂತ ಗಟ್ಟಿ ಕೈ ಇರುವವಳನ್ನು ಯಾವ ಗಂಡು ಕಟ್ಟಿಕೊಂಡಾನು ಎನ್ನುವುದು ಊರಿನ ಲೆಕ್ಕ.

ಕೈ ಗಟ್ಟಿಯಾಗಿದ್ದುದು ನಿಜ. ಅಪ್ಪ ವಿಲ್ಹೊ ತಾಮ್ರದ ಗಣಿಯ ವರ್ಕ್‌ಶಾಪಿನಲ್ಲಿದ್ದವನು. ಗಣಿ ಮುಚ್ಚಿದ ಮೇಲೆ ಮನೆಯ ಮುಂಭಾಗವನ್ನೇ ಅಂಗಡಿ ಮಾಡಿ ಕೋವಿ ರಿಪೇರಿಗೆ ಕುಳಿತ. ಬೇರೆ ಹುಡುಗಿಯರು ಹೊಲಿಗೆ ಕಲಿಯುವ ವಯಸ್ಸಿನಲ್ಲಿ ಸೈಮಾ ನಳಿಗೆ ಉಜ್ಜುವುದು ಕಲಿತಳು. ಅಪ್ಪ ಸತ್ತ ಮೇಲೂ ಬಾಗಿಲ ಮೇಲಿನ ಹಲಗೆಯಲ್ಲಿ ಅವನ ಹೆಸರೇ ಇತ್ತು. ಯಾರೂ ಬದಲಿಸು ಅನ್ನಲಿಲ್ಲ, ಅವಳೂ ಬದಲಿಸಲಿಲ್ಲ.

ಕೋಸ್ಕಿಯಲ್ಲಿ ಕೋವಿ ಇಲ್ಲದ ಮನೆ ಎಂದರೆ ಒಲೆ ಇಲ್ಲದ ಮನೆ ಇದ್ದಂತೆ. ನವೆಂಬರ್ ನಡುವಿನಲ್ಲಿ ಜಿಂಕೆ ಬೇಟೆ ಆರಂಭವಾಗುವ ದಿನ ಶಾಲೆಗೆ ರಜೆ. ಆ ದಿನ ಯಾರಾದರೂ ಮದುವೆ ಇಟ್ಟುಕೊಂಡರೆ ಮದುಮಗನೇ ಬರುವುದಿಲ್ಲ. ಹಾಗಾಗಿ ಸೈಮಾಳ ಅಂಗಡಿಗೆ ಕಾಲಿಡದ ಗಂಡಸು ಊರಿನಲ್ಲಿರಲಿಲ್ಲ. ಒಲೆಯ ಪಕ್ಕದಲ್ಲೊಂದು ಉದ್ದದ ಬೆಂಚು, ಒಲೆಯ ಮೇಲೆ ಯಾವಾಗಲೂ ಕಾಫಿ. ಬೆಳಿಗ್ಗೆ ಆದರೆ ಸಾಕು, ಡೆಮಾಕ್ರಟ್ ರಿಪಬ್ಲಿಕನ್ ಎನ್ನದೆ ಎಲ್ಲ ಮುದುಕರೂ ಅಲ್ಲಿ ಬಂದು ಕೂರುತ್ತಿದ್ದರು. ಗಣಿ ಕಾರ್ಮಿಕರ ಸಂಘದಲ್ಲಿದ್ದ ಡೆಮಾಕ್ರಟ್ ವೈನೊ ಒಂದು ತುದಿ, ಮರ ಕಡಿಸುವ ರಿಪಬ್ಲಿಕನ್ ಗಸ್ ಇನ್ನೊಂದು ತುದಿ. ಸೈಮಾ ಯಾವ ಪಕ್ಷ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಅವಳು ಮಾತಿನ ಮನುಷ್ಯಳಲ್ಲ. ಆದರೆ ಆ ಗಲಾಟೆ ಕಿವಿಗೆ ಬೀಳದೆ ಅವಳ ಕೈ ಓಡುತ್ತಿರಲಿಲ್ಲ. ಭಾನುವಾರ ಅಂಗಡಿ ಮುಚ್ಚಿದರೆ ಅವಳಿಗೆ ಹೊತ್ತೇ ಹೋಗುತ್ತಿರಲಿಲ್ಲ.

ಅಂಗಡಿಯ ಹಿಂದೆ ಒಂದು ಕೋಣೆ ಇತ್ತು. ಅದರ ಸಂಗತಿ ಊರಿಗೆಲ್ಲ ಗೊತ್ತು, ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಯಾರದಾದರೂ ಮನೆಯಲ್ಲಿ ಸಾವಾದರೆ, ಹೆಂಡತಿ ಬಿಟ್ಟುಹೋದರೆ, ಗಂಡಸಿಗೆ ಕುಡಿತ ಹೆಚ್ಚಾಗಿ ಮನಸ್ಸಿಗೆ ಕತ್ತಲು ಕವಿದರೆ, ಒಂದು ದಿನ ಅವನೋ, ಅವನ ಅಣ್ಣನೋ, ಅತ್ತಿಗೆಯೋ ಕೋವಿ ತಂದು ಸೈಮಾಳ ಮೇಜಿನ ಮೇಲೆ ಇಡುತ್ತಿದ್ದರು. "ಸ್ವಲ್ಪ ಎಣ್ಣೆ ಹಾಕ್ಬೇಕು" ಅಷ್ಟೇ ಮಾತು. ಅವಳು ಹಿಂದಿನ ಕೋಣೆಯ ಗೂಟಕ್ಕೆ ನೇತುಹಾಕುತ್ತಿದ್ದಳು. ತಿಂಗಳು ಕಳೆಯಲಿ, ವರ್ಷ ಕಳೆಯಲಿ, ಅವನಾಗಿ ಬಂದು "ಆಯ್ತಾ?" ಎಂದ ದಿನ "ಆಯ್ತು" ಎಂದು ಕೊಡುತ್ತಿದ್ದಳು. ಏಕೆ ತಂದೆ ಎಂದು ಕೇಳಬಾರದು, ಏಕೆ ಒಯ್ಯುತ್ತೀ ಎಂದೂ ಕೇಳಬಾರದು. ಅಪ್ಪನ ಕಾಲದಿಂದ ನಡೆದು ಬಂದ ಪದ್ಧತಿ ಅದು. ಕೇಳುವವರಿಲ್ಲದ ಕಾರಣಕ್ಕೇ ತರುವವರಿದ್ದರು.

ಆ ವರ್ಷ ಮಂಜು ಕರಗುವ ಕಾಲಕ್ಕೆ ಹೆನ್ನಿಂಗ್ ಸ್ಟ್ರಾಂಡ್‌ನ ಹೆಂಡತಿ ಎಲ್ವಿ ತೀರಿಕೊಂಡಳು. ಹೆನ್ನಿಂಗ್ ಶಾಲೆಯ ಬಸ್ಸು ಓಡಿಸುತ್ತಿದ್ದವನು. ಊರಿನ ಅರ್ಧ ಜನ ಮಕ್ಕಳಾಗಿದ್ದಾಗ ಅವನ ಬಸ್ಸಿನಲ್ಲಿ ಬೈಸಿಕೊಂಡವರೇ. ಮಣ್ಣಾದ ವಾರವೇ ಅವನು ಬಂದು ಕೋವಿಯನ್ನು ಮೇಜಿನ ಮೇಲಿಟ್ಟ. ಅದು ಕನ್ನಡಿಯಂತೆ ಹೊಳೆಯುತ್ತಿತ್ತು.

"ಸ್ವಲ್ಪ ಎಣ್ಣೆ ಹಾಕ್ಬೇಕು ಸೈಮಾ."

"ಇಟ್ಟು ಹೋಗು."

"ಅವಸರ ಏನಿಲ್ಲ."

"ನಂಗೂ ಇಲ್ಲ."

ಅವನು ಬಸ್ಸಿನ ಕೆಲಸ ಬಿಟ್ಟ. ಬೆಂಚಿಗೂ ಬರಲಿಲ್ಲ. ಊರಿನ ಹೊರಗೆ, ಕೆರೆಯ ದಾರಿಯಲ್ಲಿ ಅವನ ಮನೆ. ಬೆಳಿಗ್ಗೆ ಎದ್ದು ಸೈಮಾ ಹಿಂದಿನ ಕಿಟಕಿಯಿಂದ ಅವನ ಚಿಮಣಿ ನೋಡುತ್ತಿದ್ದಳು. ಹೊಗೆ ಕಂಡರೆ ಕಾಫಿ ಇಡುತ್ತಿದ್ದಳು. ಆಗ ಗೂಟದ ಮೇಲಿನ ಕೋವಿ ಅವಳ ಮನಸ್ಸಿಗೆ ಒಂದು ಧೈರ್ಯ. ಅದು ಇಲ್ಲಿದೆ, ಅವನು ಅಲ್ಲಿದ್ದಾನೆ. ನಡುವೆ ಒಂದು ಮೈಲಿ ದಾರಿ ಇದೆ.

ಬೇಸಿಗೆ ಮುಗಿಯುವ ಹೊತ್ತಿಗೆ ಚುನಾವಣೆ ಬಂತು. ರಾಜ್ಯದ ಶಾಸನಸಭೆಗೆ ನಮ್ಮ ಕ್ಷೇತ್ರದಿಂದ ಇಬ್ಬರು ನಿಂತರು. ಡೆಮಾಕ್ರಟ್ ಕಡೆಯಿಂದ ಡ್ವೈಟ್ ಹಾರ್ಜು ಎಂಬ ವಕೀಲ. ಚೌಕಳಿ ಕೆಂಪು ಕೋಟು ಹಾಕಿ, ಹೆಗಲ ಮೇಲೆ ಕೋವಿ ಹೊತ್ತು ನಿಂತ ಅವನ ಪಟ ಕಂಬ ಕಂಬದ ಮೇಲೂ ಇತ್ತು. "ನಿಮ್ಮ ಕೋವಿ ನಿಮ್ಮದೇ" ಎನ್ನುವುದು ಅವನ ಮಂತ್ರ. ರಿಪಬ್ಲಿಕನ್ ಕಡೆಯಿಂದ ಲೋರ್ನಾ ಟ್ರೆವಾರೊ. ಹಿಂದೆ ಪೊಲೀಸ್ ಕೆಲಸದಲ್ಲಿದ್ದವಳು. ಕೋವಿಗೆ ಕಡಿವಾಣ ಕೇಳುವುದು ಸಾಮಾನ್ಯವಾಗಿ ಡೆಮಾಕ್ರಟರು, ಈ ಸಲ ತಿರುವು ಮುರುವು. ಒಬ್ಬನ ಮನಸ್ಸು ಕೆಟ್ಟಿದೆ ಎಂದು ಕಂಡರೆ ಮನೆಯವರು ನ್ಯಾಯಾಧೀಶರನ್ನು ಕೇಳಿ ಅವನ ಕೋವಿಯನ್ನು ಕೆಲಕಾಲ ತೆಗೆದಿಡಿಸುವಂತೆ ಒಂದು ಕಾನೂನು ಬೇಕು ಎಂದಳು. ಆಗ ನಮ್ಮಲ್ಲಿ ಅಂಥ ಕಾನೂನು ಇನ್ನೂ ಬಂದಿರಲಿಲ್ಲ.

ಅಲ್ಲಿಗೆ ಬೆಂಚು ಬುಡಮೇಲಾಯಿತು.

"ನಾನು ತೊಟ್ಟಿಲಲ್ಲೇ ರಿಪಬ್ಲಿಕನ್ನು," ಎಂದ ಗಸ್, ಕಾಫಿ ಲೋಟ ಕುಕ್ಕಿ. "ಈ ಸಲ ಕೈ ಕೊಳೆತುಹೋದ್ರೂ ಚಿಂತೆ ಇಲ್ಲ, ಆ ಡ್ವೈಟ್‌ಗೇ ಹಾಕ್ತೀನಿ."

ವೈನೊ ಎದ್ದು ನಿಂತು ಕೈಚಾಚಿದ. "ಬಾ ಮಾರಾಯ, ಬಾ! ಸಂಬಳದ ಮಾತು ಹೇಳಿ ಕರೆದೆ, ಬರ್ಲಿಲ್ಲ. ಆಸ್ಪತ್ರೆ ಮಾತು ಹೇಳಿ ಕರೆದೆ, ಬರ್ಲಿಲ್ಲ. ಕೋವಿ ಕರೆದ ತಕ್ಷಣ ಬಾಲ ಅಲ್ಲಾಡಿಸ್ಕೊಂಡು ಬಂದ್ಯಲ್ಲ!"

"ನಿನ್ನ ಮುಖ ನೋಡಿ ಬಂದೆ ಅನ್ಕೋಬೇಡ."

"ನನ್ನ ಮುಖ ನೋಡಿ ನನ್ನ ನಾಯೀನೂ ಬರಲ್ಲ ಬಿಡು."

ಎಲ್ಲರೂ ನಕ್ಕರು. ಸೈಮಾಳೂ ಬೆನ್ನು ತಿರುಗಿಸಿಕೊಂಡು ನಕ್ಕಳು. ಆದರೆ ಮಧ್ಯಾಹ್ನ ವೈನೊನ ಹೆಂಡತಿ ಲೆಂಪಿ ಹಿಂಬಾಗಿಲಿನಿಂದ ಬಂದಳು. ಕೈಯಲ್ಲಿ ಏಲಕ್ಕಿ ಹಾಕಿದ ನಿಸು ಬ್ರೆಡ್ಡು, ಇನ್ನೂ ಬಿಸಿ. "ಅವ್ರಿಗೆ ಹೇಳ್ಬೇಡ ಕಣೇ," ಎಂದು ಪಿಸುಗುಟ್ಟಿದಳು. "ಸತ್ತ ನಮ್ಮಪ್ಪನ ಆಣೆಗೂ ನಾನು ರಿಪಬ್ಲಿಕನ್‌ಗೆ ಹಾಕಿದೋಳಲ್ಲ. ಈ ಸಲ ಆ ಲೋರ್ನಾಗೆ ಹಾಕ್ತೀನಿ. ನನ್ನ ತಮ್ಮನ ಗತಿ ನಿಂಗೆ ಗೊತ್ತಲ್ಲ." ಲೆಂಪಿಯ ತಮ್ಮನ ಕೋವಿ ಸೈಮಾಳ ಗೂಟಕ್ಕೆ ಬರಲೇ ಇಲ್ಲ. ಅದೇ ಕೋವಿಯಿಂದ ಅವನು ಹೋಗಿ ಎಷ್ಟೋ ಕಾಲವಾಗಿತ್ತು.

ಹೀಗೆ ಗಂಡಸರು ಮುಂಬಾಗಿಲಲ್ಲಿ ಒಂದು ಪಕ್ಷ ದಾಟಿದರೆ, ಹೆಂಗಸರು ಹಿಂಬಾಗಿಲಲ್ಲಿ ಇನ್ನೊಂದು ಪಕ್ಷ ದಾಟುತ್ತಿದ್ದರು. ಇಬ್ಬರ ನಡುವೆ ಸೈಮಾ ಎಣ್ಣೆ ಬಟ್ಟೆ ಹಿಡಿದು ನಿಂತಿದ್ದಳು.

ಒಂದು ಸಂಜೆ ಬೆಂಚು ಖಾಲಿಯಾದ ಮೇಲೆ ಲೋರ್ನಾ ಒಬ್ಬಳೇ ಬಂದಳು. ವೋಟು ಕೇಳಲಿಲ್ಲ. ಪಟವನ್ನೂ ತರಲಿಲ್ಲ. ಬೆಂಚಿನ ಮೇಲೆ ಕುಳಿತು ಬೂಟಿನ ಕೆಸರು ನೋಡುತ್ತಾ ಹೇಳಿದಳು.

"ನಾನು ಪೊಲೀಸಲ್ಲಿದ್ದಾಗ ಎಷ್ಟೋ ಮನೆಗೆ ಹೋಗಿದ್ದೀನಿ ಸೈಮಾ. ಹೋಗೋ ಹೊತ್ತಿಗೆ ಎಲ್ಲಾ ಮುಗಿದಿರೋದು. ಅಡುಗೆಮನೆಯಲ್ಲಿ ನಿಂತಿರೋ ಹೆಂಗಸು ನನ್ನನ್ನೇ ನೋಡೋಳು. 'ಗೊತ್ತಿತ್ತು ನಂಗೆ, ಯಾರಿಗೆ ಹೇಳ್ಬೇಕಿತ್ತು' ಅನ್ನೋಳು. ನೀವು ಇಷ್ಟು ವರ್ಷದಿಂದ ಇಲ್ಲಿ ಕೂತಿದ್ದೀರಿ. ನಿಮಗೆ ಏನನ್ನಿಸುತ್ತೆ?"

ನಿಮಗೆ ಏನನ್ನಿಸುತ್ತೆ. ಈ ಮಾತನ್ನು ಸೈಮಾಳನ್ನು ಯಾರೂ ಕೇಳಿದವರಿಲ್ಲ. ಕೋವಿಯ ಕುದುರೆ ಬಿಗಿಯಾಗಿದೆಯೇ, ಗುರಿ ಎಡಕ್ಕೆ ಹೋಗುತ್ತದೆಯೇ ಎಂದು ಕೇಳಿದವರುಂಟು, ನಿನಗೆ ಏನನ್ನಿಸುತ್ತದೆ ಎಂದು ಕೇಳಿದವರಿಲ್ಲ. ಬಿರುಕು ಬಿಟ್ಟ ಕಟ್ಟೆಯಿಂದ ನೀರು ಹೊರಟ ಹಾಗೆ ಅವಳ ಬಾಯಿ ಹೊರಟಿತು. ಅಪ್ಪನ ವಿಷಯ ಹೇಳಿದಳು, ಎಣ್ಣೆಯ ನೆಪ ಹೇಳಿದಳು, ಗೂಟಗಳನ್ನು ತೋರಿಸಿದಳು. ಒಂದು ಹೆಸರನ್ನೂ ಎತ್ತಲಿಲ್ಲ. ಕಾಫಿ ಆರಿ ಕೆನೆಗಟ್ಟಿತು. ಲೋರ್ನಾ ಹೋದ ಮೇಲೆ ಎಷ್ಟೋ ಹೊತ್ತು ಸೈಮಾಳ ಎದೆ ಹಗುರಾಗಿತ್ತು. ಮಾತಾಡುವುದು ಇಷ್ಟು ಸುಖವೇ ಎಂದುಕೊಂಡಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದರ ಮರುವಾರ ಚರ್ಚಿನ ಸಭಾಂಗಣದಲ್ಲಿ ಊಟವಿತ್ತು. ಮಾಂಸ ಆಲೂಗಡ್ಡೆ ತುಂಬಿದ ಪ್ಯಾಸ್ಟಿ ಬೇಯಿಸಿ ಬಡಿಸಿ, ಅಭ್ಯರ್ಥಿಗಳನ್ನು ಕರೆದು ಮಾತಾಡಿಸುವುದು ಪ್ರತಿ ಚುನಾವಣೆಯ ವಾಡಿಕೆ. ಡ್ವೈಟ್ ಎದ್ದು, ಸರ್ಕಾರದವರು ನಿಮ್ಮ ಮನೆಗೆ ಬಂದು ಗೋಡೆಯಿಂದ ಕೋವಿ ಇಳಿಸುತ್ತಾರೆ, ನೋಡುತ್ತಾ ಇರಿ ಎಂದ. ಚಪ್ಪಾಳೆ ಬಿತ್ತು. ಗಸ್ ಮೇಜು ಗುದ್ದಿದ. ಆಮೇಲೆ ಲೋರ್ನಾ ಎದ್ದಳು.

"ನಾನು ಹೊಸದೇನೂ ಹೇಳ್ತಾ ಇಲ್ಲ. ಈ ಊರಲ್ಲೇ ಅದು ನಡೀತಾ ಇದೆ. ಕಷ್ಟ ಬಂದಾಗ ನೀವೇ ನಿಮ್ಮ ಕೋವಿ ತಗೊಂಡು ಹೋಗಿ ಸೈಮಾ ರೌತಿಯೊ ಅವರ ಹಿಂದಿನ ಕೋಣೆಯಲ್ಲಿ ಇಡ್ತೀರಿ. ಎಣ್ಣೆ ಹಾಕೋದು ಅಂತೀರಿ. ಈಗಲೂ ಅಲ್ಲಿ ಗೂಟ ತುಂಬಿದೆ. ಆ ತಾಯಿ ಎಷ್ಟು ಜೀವ ಉಳಿಸಿದ್ದಾರೋ! ನಾನು ಕೇಳ್ತಿರೋ ಕಾನೂನು ಅದೇ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಚಪ್ಪಾಳೆ ನಿರೀಕ್ಷಿಸಿ ಒಂದು ಗಳಿಗೆ ನಿಂತಳು. ಸಭಾಂಗಣದಲ್ಲಿ ಫೋರ್ಕಿನ ಸದ್ದೂ ನಿಂತುಹೋಯಿತು. ತಲೆಗಳು ಒಂದೊಂದಾಗಿ ಸೈಮಾಳ ಕಡೆ ತಿರುಗಿದವು. ಆಮೇಲೆ ಅದಕ್ಕಿಂತ ಕೆಟ್ಟದ್ದು ನಡೆಯಿತು. ಅವು ಒಂದನ್ನೊಂದು ನೋಡತೊಡಗಿದವು. ಈಗ ಯಾರದಿದೆ ಅಲ್ಲಿ? ಹಿಂದೆ ಯಾರದಿತ್ತು? ಇವನದೇ? ಅವನದೇ?

ಮೂಲೆಯಲ್ಲಿ ಹೆನ್ನಿಂಗ್ ಇದ್ದ. ಲೆಂಪಿ ಬಲವಂತ ಮಾಡಿ ಕರೆತಂದಿದ್ದಳು. ಅರ್ಧ ತಿಂದ ಪ್ಯಾಸ್ಟಿ ಬಿಟ್ಟು ಟೋಪಿ ತೆಗೆದುಕೊಂಡು ಎದ್ದು ಹೋದ.

ಮರುದಿನ ಬಾಗಿಲು ತೆಗೆಯುವ ಮೊದಲೇ ಹೊರಗೆ ಜನ. "ಆಯ್ತಾ?" "ಆಯ್ತು." "ಆಯ್ತಾ?" "ಆಯ್ತು." ಕಣ್ಣಿಗೆ ಕಣ್ಣು ಕೊಟ್ಟವರಿಲ್ಲ. ಒಬ್ಬನಂತೂ, "ನಂದು ನಿಜವಾಗ್ಲೂ ಎಣ್ಣೆಗೇ ಬಿಟ್ಟಿದ್ದು ಕಣೇ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಅವರಲ್ಲಿ ರಿಪಬ್ಲಿಕನ್ನರೂ ಇದ್ದರು, ಡೆಮಾಕ್ರಟರೂ ಇದ್ದರು. ನಾಚಿಕೆಗೆ ಪಕ್ಷ ಎಲ್ಲಿಯದು?

ವೈನೊ ಮಾತ್ರ ನಿಂತು ಮಾತಾಡಿದ. "ಯಾಕೆ ಹೇಳಿದೆ ಸೈಮಾ?"

"ಕೇಳಿದ್ಲು."

"ಕೇಳಿದ್ರೆ ಹೇಳ್ಬಿಡೋದಾ? ನಿಮ್ಮಪ್ಪ ಇದ್ದಿದ್ರೆ ನಾಲಿಗೆ ಕಚ್ಕೊಂಡು ಸಾಯ್ತಿದ್ದ."

"ಹೆಸರು ಹೇಳ್ಲಿಲ್ಲ ವೈನೊ."

"ಊರಿರೋದೇ ಬೊಗಸೆಯಷ್ಟು. ಇದ್ರಲ್ಲಿ ಹೆಸರು ಬೇರೆ ಹೇಳ್ಬೇಕಾ?" ಲೋಟ ತೊಳೆಯದೆ ಅಲ್ಲೇ ಇಟ್ಟು ಹೋದ. ಅವನು ಬರದ ಮೇಲೆ ಗಸ್ ಯಾರ ಜೊತೆ ಜಗಳವಾಡಲು ಬರಬೇಕು? ಬೆಂಚು ಬರಿದಾಯಿತು.

ಕೊನೆಗೆ ಹೆನ್ನಿಂಗ್ ಬಂದ. ಬೆಳಗಿನ ಗುಂಪು ಕರಗಿದ ಮೇಲೆ. ಅವನು ಬರುತ್ತಾನೆಂದು ಗೊತ್ತಿದ್ದೇ ಸೈಮಾ ಒಳಗೆ ಹೊರಗೆ ಓಡಾಡುತ್ತಿದ್ದಳು.

"ಆಯ್ತಾ?"

ಅವಳು ಅವನತ್ತ ನೋಡಿದಳು. ಅವನ ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿ ಮೇಲೊಂದು ಕೆಳಗೊಂದು ಹಾಕಿತ್ತು. ಇನ್ನೂ ಇಲ್ಲ ಎಂದು ಒಂದು ಮಾತು ಹೇಳಿಬಿಡಲೇ ಎಂದುಕೊಂಡಳು. ಆದರೆ ಕೇಳಿದವನಿಗೆ ಕೊಡುತ್ತಾಳೆ ಎಂಬ ನಂಬಿಕೆಯ ಮೇಲೇ ಅಷ್ಟೂ ಗೂಟ ನಿಂತಿದ್ದವು.

"ಆಯ್ತಾ ಅಂದೆ."

"ಬೇಟೆಗೆ ಹೋಗ್ತೀಯಾ ಈ ವರ್ಷ?"

"ನೀನು ಯಾವತ್ತಿಂದ ಪ್ರಶ್ನೆ ಕೇಳೋಕೆ ಶುರು ಮಾಡಿದೆ?" ಎಂದ ಹೆನ್ನಿಂಗ್. "ಓ, ಮಾತಾಡೋದು ಕಲ್ತಿದ್ದೀಯಲ್ಲ. ಮರ್ತಿದ್ದೆ. ಕೊಡು. ಹೆನ್ನಿಂಗ್‌ಗೆ ತಲೆ ಕೆಟ್ಟಿದೆ, ಕೋವೀನ ಸೈಮಾ ಬಚ್ಚಿಟ್ಟವ್ಳೆ ಅಂತ ಊರು ಆಡ್ಕೊಳೋದು ಬೇಡ."

ಕೊಟ್ಟಳು. ಕೊಡದೆ ಏನು ಮಾಡುತ್ತಾಳೆ? ಅವನ ಗಾಡಿ ಕೆರೆಯ ದಾರಿ ಹಿಡಿದದ್ದನ್ನು ಹಿಂದಿನ ಕಿಟಕಿಯಿಂದ ನೋಡಿದಳು. ನಡುವೆ ಇದ್ದ ಒಂದು ಮೈಲಿ ದಾರಿ ಅವತ್ತಿಗೆ ಮುಗಿದುಹೋಯಿತು.

ಚುನಾವಣೆ ನಡೆಯಿತು. ಪರದೆಯ ಹಿಂದೆ ನಿಂತಾಗ ಸೈಮಾಳಿಗೆ ಲೋರ್ನಾಳ ಮೇಲೆ ಸಿಟ್ಟಿತ್ತು. ಆದರೂ ಅವಳಿಗೇ ಹಾಕಿದಳು. ಆಡಿದ್ದು ತಪ್ಪು, ಆದರೆ ಕೇಳುತ್ತಿದ್ದುದು ತಪ್ಪಲ್ಲ ಎಂದು ಅವಳಿಗೆ ಕಂಡಿತು. ಕ್ಷೇತ್ರದಲ್ಲಿ ಲೋರ್ನಾ ಸೋತಳು, ಡ್ವೈಟ್ ಗೆದ್ದ. ವಿಚಿತ್ರವೆಂದರೆ ಕೋಸ್ಕಿಯಲ್ಲಿ ಮಾತ್ರ ಅವಳಿಗೇ ನಾಲ್ಕು ವೋಟು ಹೆಚ್ಚು ಬಿದ್ದಿತ್ತು. ಆದರೆ ಅವಳಿಗೆ ಹಾಕಿದೆ ಎಂದ ಒಬ್ಬನೂ ಊರಿನಲ್ಲಿ ಸಿಗಲಿಲ್ಲ. ಗಂಡ ಹೆಂಡತಿಯ ಮುಖ ನೋಡಿದ, ಅಣ್ಣ ತಮ್ಮನ ಮುಖ ನೋಡಿದ. ಗಸ್ ಕೂಡ ಅಂಚೆ ಕಚೇರಿಯ ಮುಂದೆ "ಯಾವ ನನ್ಮಗ ಹಾಕಿದ್ದು?" ಎಂದು ಸ್ವಲ್ಪ ಹೆಚ್ಚೇ ಜೋರಾಗಿ ಕೂಗಾಡುತ್ತಿದ್ದ ಎಂದು ಲೆಂಪಿ ಹೇಳಿದಳು. ಒಂದೇ ಭಯ ಎಲ್ಲರ ಮನೆಯಲ್ಲೂ ಇತ್ತು. ಪರದೆಯ ಹಿಂದೆ ಒಬ್ಬೊಬ್ಬರೇ ನಿಂತಾಗ ಅದು ಹೊರಗೆ ಬಂತು. ಹೊರಗೆ ಬಂದವರು ಮತ್ತೆ ಬಾಯಿ ಹೊಲಿದುಕೊಂಡರು.

ಬೇಟೆಯ ದಿನ ಬಂತು. ಹಿಂದಿನ ದಿನವೇ ಗಂಡಸರೆಲ್ಲ ಕಾಡಿನ ಗುಡಿಸಲುಗಳಿಗೆ ಹೊರಟುಹೋಗಿದ್ದರು. ಸೈಮಾಳಿಗೆ ವರ್ಷದಲ್ಲೇ ಹೆಚ್ಚು ಕೆಲಸದ ದಿನ ಅದು. ಯಾರದೋ ಕೋವಿಯ ಬೋಲ್ಟು ಸಿಕ್ಕಿಕೊಂಡಿತು, ಯಾರಿಗೋ ತೋಟಾ ಸಾಲಲಿಲ್ಲ ಎಂದು ಬರುತ್ತಲೇ ಇರುತ್ತಾರೆ. ಬೆಳಿಗ್ಗೆ ಎದ್ದು ಕಿಟಕಿಯಿಂದ ನೋಡಿದರೆ ಹೆನ್ನಿಂಗ್‌ನ ಗಾಡಿ ಮನೆಯ ಮುಂದೆಯೇ ಇತ್ತು. ಚಿಮಣಿಯಲ್ಲಿ ಹೊಗೆ ಇರಲಿಲ್ಲ.

ಅವಳು ಕಾಫಿ ಇಡಲಿಲ್ಲ. ಅಂಗಡಿಗೆ ಬೀಗ ಹಾಕಿ ಕೆರೆಯ ದಾರಿಯಲ್ಲಿ ನಡೆದಳು. ಹೊಸ ಮಂಜು ಬಿದ್ದಿತ್ತು. ದೂರದ ಕಾಡಿನಲ್ಲಿ ಅಲ್ಲೊಂದು ಇಲ್ಲೊಂದು ಕೋವಿಯ ಈಡು ಕೇಳಿಸುತ್ತಿತ್ತು. ಪ್ರತಿ ಈಡಿಗೂ ಅವಳ ಹೆಜ್ಜೆ ತಪ್ಪುತ್ತಿತ್ತು. ಅದು ಕಾಡಿನದು, ಅದು ಕಾಡಿನದು ಎಂದುಕೊಂಡು ಓಡುನಡಿಗೆಯಲ್ಲೇ ಹೋದಳು.

ಬಾಗಿಲು ತಟ್ಟಿದರೆ ಉತ್ತರವಿಲ್ಲ. ತಳ್ಳಿದಳು. ಹೆನ್ನಿಂಗ್ ಅಡುಗೆಮನೆಯ ಮೇಜಿನ ಮುಂದೆ ಕೋಟು ಹಾಕಿಕೊಂಡು ಕುಳಿತಿದ್ದ. ಒಲೆ ತಣ್ಣಗಿತ್ತು. ಕೋವಿ ಮೇಜಿನ ಮೇಲಿತ್ತು.

"ಅಂಗಡಿ ಬಿಟ್ಟು ಬಂದ್ಯಾ ಇವತ್ತು?" ಎಂದ, ತಲೆ ಎತ್ತದೆ.

ಸೈಮಾ ಎದುರಿನ ಕುರ್ಚಿಯಲ್ಲಿ ಕುಳಿತಳು. ಅದು ಎಲ್ವಿಯ ಕುರ್ಚಿ ಎಂದು ಕುಳಿತ ಮೇಲೆ ನೆನಪಾಯಿತು. ಏಳಲಿಲ್ಲ.

"ನಂಗೆ ಭಯ ಆಗ್ತಿದೆ ಹೆನ್ನಿಂಗ್."

"ಏನು ಭಯ?"

"ನೀನು ಸತ್ತುಹೋಗ್ತೀಯ ಅಂತ. ನೀನಾಗಿ ನೀನೇ."

ಕೋಸ್ಕಿಯಲ್ಲಿ ಈ ಮಾತನ್ನು ಯಾರೂ ಯಾರಿಗೂ ಮುಖಕ್ಕೆ ಮುಖ ಕೊಟ್ಟು ಹೇಳಿದ್ದಿಲ್ಲ. ಅದಕ್ಕೆಂದೇ ಎಣ್ಣೆಯ ನೆಪ ಹುಟ್ಟಿದ್ದು. ಹೆನ್ನಿಂಗ್‌ನ ಮುಖ ಕೆಂಪಾಯಿತು. ಎದ್ದು ಹೋಗು ಎನ್ನುತ್ತಾನೆ ಎಂದುಕೊಂಡಳು. ಅವನು ಅಂಗೈಯಿಂದ ಮುಖ ಉಜ್ಜಿಕೊಂಡ.

"ಕಾಡಿಗೆ ಹೋಗೋಣ ಅಂತ ಎದ್ದೆ. ಕೋಟು ಹಾಕ್ದೆ. ಅವಳು ಪ್ಯಾಸ್ಟಿ ಕಟ್ಟಿಕೊಡೋಳು. ಇವತ್ತು ಕಟ್ಟೋರಿಲ್ಲ ಅಂತ ಕೂತೆ. ಕೂತ್ಮೇಲೆ ಏಳಕ್ಕಾಗ್ಲಿಲ್ಲ." ಕೋಟಿನ ಗುಂಡಿ ತಿರುವಿದ. "ಏನೇನೋ ಯೋಚನೆ ಬಂತು. ಸುಳ್ಳು ಯಾಕೆ ಹೇಳ್ಲಿ."

"ಕೋವಿ ಕೊಡು. ತಗೊಂಡು ಹೋಗ್ತೀನಿ."

"ಬೇಡ. ಗೋಡೆ ಮೇಲೆ ಇರ್ಲಿ ಅದು. ಇಲ್ದಿದ್ರೆ ಬಂದವ್ರೆಲ್ಲ ನನ್ನ ಬಿಟ್ಟು ಗೋಡೆನೇ ನೋಡ್ತಾರೆ." ಅವನು ಕೋವಿ ಎತ್ತಿಕೊಂಡು, ತೋಟಾವನ್ನು ನಳಿಗೆಗೆ ತಳ್ಳುವ ಬೋಲ್ಟನ್ನು ಹಿಂದಕ್ಕೆ ಎಳೆದು ಪೂರ್ತಿ ಹೊರತೆಗೆದ. ಬೋಲ್ಟಿಲ್ಲದ ಕೋವಿ ಬರೀ ದೊಣ್ಣೆ. ಆ ಕಬ್ಬಿಣವನ್ನು ಮೇಜಿನ ಮೇಲೆ ಅವಳ ಕಡೆ ಉರುಳಿಸಿದ. "ಇದನ್ನ ಇಟ್ಕೋ. ಯಾರಿಗೂ ಕಾಣಲ್ಲ. ಬೇಕು ಅಂದಾಗ ಕೊಡ್ತೀಯಲ್ಲ?"

"ಕೊಡಲ್ಲ," ಎಂದಳು ಸೈಮಾ. "ಮೊದ್ಲು ಕೇಳ್ತೀನಿ."

"ಏನಂತ?"

"ಹೇಗಿದ್ದೀಯ ಅಂತ."

ಹೆನ್ನಿಂಗ್ ಅವಳನ್ನು ದಿಟ್ಟಿಸಿ ನೋಡಿದ. "ಅದನ್ನ ಕೇಳೋಕೆ ಬೇಟೆ ದಿನದವರೆಗೂ ಬೇಕಾಯ್ತಾ ನಿಂಗೆ?" ಎಂದ. "ಎಲ್ವಿ ಹೋದಾಗಿಂದ ಊರೆಲ್ಲ ಬಂದು ಊಟ ಇಟ್ಟು ಹೋದ್ರು. ಪಾತ್ರೆ ವಾಪಸ್ ತಗೊಂಡು ಹೋದ್ರು. ಒಬ್ರೂ ಕೇಳ್ಲಿಲ್ಲ ಸೈಮಾ. ನೀನೂ ಕೋವಿ ತಗೊಂಡೆ, ಗೂಟಕ್ಕೆ ಹಾಕಿದೆ. ಕೋವಿನ ಚೆನ್ನಾಗಿ ನೋಡ್ಕೊಂಡೆ."

ಅವಳು ಎದ್ದು ಒಲೆಗೆ ಸೌದೆ ಹಾಕಿ ಹೊತ್ತಿಸಿದಳು. ಲೋರ್ನಾ ಬಂದು ನಿಮಗೆ ಏನನ್ನಿಸುತ್ತೆ ಎಂದಾಗ ತನ್ನ ಎದೆ ಏಕೆ ಹಾಗೆ ಬಿಚ್ಚಿಕೊಂಡಿತು ಎಂಬುದು ಆಗ ಅವಳಿಗೆ ತಿಳಿಯಿತು. ಹೇಳಬೇಕೆನಿಸಿತು. ಆದರೆ ಅದು ಅವನ ದುಃಖದ ಹೊತ್ತು, ತನ್ನದಲ್ಲ ಎಂದು ಸುಮ್ಮನಾದಳು. ಮನೆ ಬೆಚ್ಚಗಾಗುವವರೆಗೆ ಇಬ್ಬರೂ ಕುಳಿತಿದ್ದರು. ಆಮೇಲೆ ಅವಳು ಬೋಲ್ಟನ್ನು ಕೋಟಿನ ಜೇಬಿಗೆ ಹಾಕಿಕೊಂಡು ಹೊರಟಳು.

ಆ ಚಳಿಗಾಲ ಬೆಂಚಿಗೆ ಯಾರೂ ಬರಲಿಲ್ಲ. ರಿಪೇರಿ ಇದ್ದವರು ಬಂದರು, ಕೊಟ್ಟರು, ಹೋದರು. ಹಿಂದಿನ ಕೋಣೆಯಲ್ಲಿ ಗೂಟಗಳು ಮಾತ್ರ ಉಳಿದವು.

ಆದರೆ ಬೇಟೆ ಶುರುವಾದ ಮರುದಿನವೇ ಸೈಮಾ ಮತ್ತೆ ಕೆರೆಯ ದಾರಿ ಹಿಡಿದಿದ್ದಳು. ಹೆನ್ನಿಂಗ್ ಬಾಗಿಲು ತೆಗೆದು ಅಡ್ಡ ನಿಂತ.

"ಏನು?"

ದಾರಿಯುದ್ದಕ್ಕೂ ಹೇಳಿಕೊಂಡು ಬಂದ ಮಾತು ಅದು, ಆದರೂ ಬಾಯಿಗೆ ಹೊಸದು. "ಹೇಗಿದ್ದೀಯ?" ಎಂದಳು.

ಅವನು ಯೋಚಿಸಿದ. "ನಿನ್ನೆ ಹೇಗಿದ್ದೆನೋ ಹಾಗೇ."

"ಸರಿ."

ಒಳಗೆ ಬಾ ಎಂದು ಅವನು ಅನ್ನಲಿಲ್ಲ, ಅವಳೂ ನಿಲ್ಲಲಿಲ್ಲ. ಮಂಜಿನಲ್ಲಿ ಬಂದ ಹೆಜ್ಜೆಯ ಗುರುತಿನ ಮೇಲೇ ಕಾಲಿಡುತ್ತಾ, ನಾಳೆಯೂ ಬರಬೇಕಲ್ಲ ಎಂದುಕೊಂಡು ಅಂಗಡಿಗೆ ಮರಳಿದಳು.